ಅಪ್ಪನ ಮಳೆ ಪುಸ್ತಕ, ಲಿನಕ್ಸ್ ಮತ್ತು ನಾನು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನಲ್ಲಿ ಕೆಲಸ ಮಾಡುವ ಪ್ರೋಗ್ರಾಮರ್. ಊರು ಕಾರ್ಕಳದ ಹತ್ತಿರ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ಜನ ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅಲ್ಲೆಲ್ಲ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಪೂರ್ತಿ ಬರೆದಿದ್ದೇನೆ.

ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬೇಜಾರಾಗುವುದಿಲ್ವಾ? ಅದರ ಮೇಲೆ ಇಷ್ಟು ಪ್ರೀತಿ ಎಂತಕ್ಕೆ?

ಬೇಜಾರಾಗುವುದಿಲ್ಲ. ಆ ಪ್ರೀತಿ ಶುರುವಾದದ್ದು ಹೇಗೆ ಅಂತ ನನಗೆ ಸರಿಯಾಗಿ ನೆನಪುಂಟು.

2006ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಮನೆಗೆ ಒಂದು ಹಳೆ ಕಂಪ್ಯೂಟರ್ ಬಂದಿತ್ತು, ಇಂಟರ್ನೆಟ್ ಇರಲಿಲ್ಲ. ಆ ಕಾಲದಲ್ಲಿ ಉಬುಂಟು ಲಿನಕ್ಸ್ (ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ) ಮಾಡುವ ಕಂಪನಿ, ವಿಳಾಸ ಕೊಟ್ಟವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಕಳಿಸಿಕೊಡುತ್ತಿತ್ತು. ದುಡ್ಡು ಬೇಡ, ಅಂಚೆ ಖರ್ಚೂ ಬೇಡ. 2011ರವರೆಗೂ ಈ ವ್ಯವಸ್ಥೆ ಇತ್ತು. ನಾನು ಕಾರ್ಕಳ ಪೇಟೆಯ ಸೈಬರ್ ಕೆಫೆಯಲ್ಲಿ ಕೂತು ವಿಳಾಸ ತುಂಬಿಸಿ ಬಂದೆ. ಬರುತ್ತದೆ ಅಂತ ನಂಬಿಕೆ ಇರಲಿಲ್ಲ. ಕೆಲವು ವಾರ ಬಿಟ್ಟು ಪೋಸ್ಟ್‌ಮ್ಯಾನ್ ಅಣ್ಣ ಹೊರದೇಶದ ಲಕೋಟೆ ಹಿಡಿದುಕೊಂಡು ತೋಟ ದಾಟಿ ಮನೆಗೆ ಬಂದರು. ಒಳಗೆ ಉಬುಂಟು 6.06.

ಸಿಡಿ ಹಾಕಿದರೆ ಸಾಕು, ಏನೂ ಇನ್‌ಸ್ಟಾಲ್ ಮಾಡದೆ ಇಡೀ ವ್ಯವಸ್ಥೆ ಸಿಡಿಯಿಂದಲೇ ಎದ್ದು ಕೂರುತ್ತಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಸೈಬರ್ ಕೆಫೆಯಿಂದ ಪೆನ್ ಡ್ರೈವಿನಲ್ಲಿ ಒಂದು ಸಣ್ಣ ಹಾವಿನ ಆಟ ತಂದಿದ್ದೆ. ತಂಗಿಗೆ ಆಗ ಏಳು ವರ್ಷ. ಹಾವು ಜೋರು ಓಡುತ್ತದೆ, ತನಗೆ ಆಡಲಿಕ್ಕೆ ಆಗುವುದಿಲ್ಲ ಅಂತ ಅಳು. ಆಟದ ಜೊತೆಗೆ ಅದರ ಸೋರ್ಸ್ ಕೋಡ್, ಅಂದರೆ ಆಟವನ್ನು ಬರೆದ ಮೂಲ ಸಾಲುಗಳೂ ಇದ್ದವು. ನನಗೆ ಸಿ ಭಾಷೆ ಅಷ್ಟಾಗಿ ಗೊತ್ತಿರಲಿಲ್ಲ. ಸುಮ್ನೆ ಓದುತ್ತಾ ಹೋದೆ. ಒಂದು ಕಡೆ ವೇಗದ ಹೆಸರಿನ ಹತ್ತಿರ ಒಂದು ಸಂಖ್ಯೆ ಕಂಡಿತು. ಅದನ್ನು ಬದಲಿಸಿ, ಮತ್ತೆ ಕಂಪೈಲ್ ಮಾಡಿದೆ, ಅಂದರೆ ಆ ಸಾಲುಗಳಿಂದ ಓಡುವ ಆಟವನ್ನು ಹೊಸದಾಗಿ ಮಾಡಿಸಿದೆ. ಹಾವು ನಿಧಾನವಾಯಿತು. ತಂಗಿ ಆಡಿದಳು.

ಯಾವುದೋ ದೇಶದಲ್ಲಿ ಯಾರೋ ಬರೆದ ಆಟ, ನಮ್ಮ ಮನೆಯ ಏಳು ವರ್ಷದ ಹುಡುಗಿಗೆ ಬೇಕಾದ ಹಾಗೆ ಆಯಿತು. ಅದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಆ ಸಂತೋಷ ಇವತ್ತಿಗೂ ಕಮ್ಮಿಯಾಗಿಲ್ಲ.

ಆಟೊಮೇಷನ್ ಅಂತ ಹೇಳುತ್ತೀರಲ್ಲ, ಅದು ದೊಡ್ಡ ಫ್ಯಾಕ್ಟರಿಯವರಿಗೆ ಅಲ್ವಾ?

ಅಲ್ಲ. ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ.

ಅಪ್ಪ ದಿನಾ ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಅದೇ ಹೊತ್ತಿಗೆ ಅಳೆಯುತ್ತದೆ. ಅಂಗಳದ ಕೊನೆಯಲ್ಲಿ ಮಳೆಮಾಪಕ ಉಂಟು. ಅದರಲ್ಲಿ ತುಂಬಿದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. 1994ರಿಂದ ಬರೆಯುತ್ತಾ ಬಂದಿದ್ದಾರೆ. ನಮ್ಮ ಕಡೆ ಅಡಿಕೆ ಬೆಳೆಯುವ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕ ಉಂಟು. ಮಳೆ ಬಿಡುವು ನೋಡಿಯೇ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಬಿಡಬೇಕಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬಿಟ್ಟ ಕೂಡಲೇ ಜಡಿಮಳೆ ಹೊಡೆದರೆ ಔಷಧವೂ ಹೋಯಿತು, ಆಳಿನ ಸಂಬಳವೂ ಹೋಯಿತು.

ಅಪ್ಪನಿಗೆ ಅಳೆಯುವುದು ಇಷ್ಟ. ಲೆಕ್ಕ ಕೂಡಿಸುವುದು ಕಷ್ಟ. ತಿಂಗಳ ಕೊನೆಗೆ ಮೂವತ್ತು ಸಂಖ್ಯೆ ಕೂಡಿಸಬೇಕು, ವರ್ಷದ ಕೊನೆಗೆ ಹನ್ನೆರಡು ತಿಂಗಳು ಕೂಡಿಸಬೇಕು, ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು ಅಂತ ಪಕ್ಕದ ಮನೆಯ ಮಾವ ಬಂದು ಕೇಳಿದರೆ ಹಳೆ ಪುಸ್ತಕ ಹುಡುಕಿ, ಕನ್ನಡಕ ಹುಡುಕಿ, ಪುಟ ತಿರುಗಿಸಬೇಕು. ಎಲ್ಲೋ ಒಂದು ಕಡೆ ಕೂಡಿದ್ದು ತಪ್ಪಿದರೆ ಮೊದಲಿನಿಂದ ಶುರು.

ನಾನು ಮಾಡಿದ್ದು ಇಷ್ಟೇ. ಅಪ್ಪ ಮಳೆಯ ಸಂಖ್ಯೆಯನ್ನು ಟೆಲಿಗ್ರಾಂನಲ್ಲಿ ತಾನಾಗಿ ಉತ್ತರ ಕೊಡುವ ಒಂದು ಬಾಟ್‌ಗೆ ಕಳಿಸುತ್ತಾರೆ. ಮನೆಯ ಮೂಲೆಯಲ್ಲಿರುವ, ಅಂಗೈಯಗಲದ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈನಲ್ಲಿ ಓಡುವ ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಂ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಕೂಡಿಸುತ್ತದೆ, ಹೋದ ವರ್ಷದ ಜೊತೆ ಹೋಲಿಸಿ ಉತ್ತರ ಕಳಿಸುತ್ತದೆ. ಭಾನುವಾರ ಒಂದು ಗ್ರಾಫ್ ಬರುತ್ತದೆ. ಹಳೆ ಪುಸ್ತಕಗಳನ್ನು ತುಂಬಿಸಲಿಕ್ಕೆ ಯಾವ ಯಂತ್ರವೂ ಸಹಾಯ ಮಾಡಲಿಲ್ಲ. ಅಪ್ಪನ ಕೈಬರಹವನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಓದಲಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮ ಓದಿ ಹೇಳಿದರು, ನಾನು ಟೈಪ್ ಮಾಡಿದೆ. ಸಾವಿರಾರು ಸಾಲು. ನಡುನಡುವೆ ಅಮ್ಮ ನಿಲ್ಲಿಸಿ, ಈ ದಿನ ಸೇತುವೆ ಮುಳುಗಿತ್ತು, ಈ ದಿನ ನಿನಗೆ ಜ್ವರ, ಅಂತ ಹೇಳುತ್ತಿದ್ದರು. ಅದನ್ನೂ ಟಿಪ್ಪಣಿಯಾಗಿ ಸೇರಿಸಿದ್ದೇನೆ.

ಒಂದು ದಿನ ಅಪ್ಪ ಫೋನಿನ ಕೀಲಿಮಣೆ ಬದಲಾದದ್ದು ಗೊತ್ತಾಗದೆ ಕನ್ನಡ ಅಂಕಿಯಲ್ಲಿ ೪೨.೫ ಅಂತ ಕಳಿಸಿದರು. ನಾನು ಅದಕ್ಕೆ ಏನೂ ಬರೆದಿರಲಿಲ್ಲ. ಪ್ರೋಗ್ರಾಂ ಕೆಟ್ಟು ಕೂತಿರುತ್ತದೆ ಅಂದುಕೊಂಡು ನೋಡಿದರೆ, 42.5 ಅಂತ ಸರಿಯಾಗಿ ತೆಗೆದುಕೊಂಡಿತ್ತು. ಯಾಕೆ ಅಂತ ಹುಡುಕಿದೆ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿಗೆ ಯೂನಿಕೋಡ್ ಅಂತ ಹೆಸರು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದು ಏನು ಅಂತ ಗುರುತು ಇರುತ್ತದೆ. ಯಾವ ಲಿಪಿಯ ಅಂಕಿಯೇ ಆಗಲಿ, ಅಂಕಿ ಅಂತ ಗುರುತು ಇದ್ದರೆ ಪೈಥಾನ್ ಅದನ್ನು ಸಂಖ್ಯೆಯಾಗಿಯೇ ಓದುತ್ತದೆ. ಎಲ್ಲೋ ಕೂತು ಆ ಸಾಲುಗಳನ್ನು ಬರೆದವರಿಗೆ ಕಾರ್ಕಳ ಗೊತ್ತಿಲ್ಲ, ನಮ್ಮ ಅಪ್ಪ ಗೊತ್ತಿಲ್ಲ. ಆದರೂ ಅಪ್ಪನಂಥವರು ಒಬ್ಬರು ಇರಬಹುದು ಅಂತ ಜಾಗ ಇಟ್ಟಿದ್ದರು. ನಾನು ಆ ದಿನ ಮಧ್ಯಾಹ್ನದವರೆಗೂ ಬೇರೆ ಕೆಲಸ ಮಾಡಲಿಲ್ಲ.

ಹಾಗಾದರೆ ಮಳೆ ಅಳೆಯುವುದನ್ನೂ ಯಂತ್ರಕ್ಕೆ ಬಿಡಬಹುದಲ್ವಾ? ಸೆನ್ಸರ್ ಸಿಗುತ್ತದಲ್ಲ?

ಸಿಗುತ್ತದೆ. ಎರಡು ಕಡೆಗೆ ವಾಲುವ ಸಣ್ಣ ತೊಟ್ಟಿ ಇರುವ ಮಾಪಕ ಬರುತ್ತದೆ. ತೊಟ್ಟಿ ತುಂಬಿದಾಗ ವಾಲುತ್ತದೆ, ವಾಲಿದ್ದನ್ನು ಎಣಿಸಿದರೆ ಮಳೆಯ ಲೆಕ್ಕ. ನಾನು ತರಲಿಲ್ಲ. ಅಪ್ಪನಿಗೆ ಬೆಳಿಗ್ಗೆ ಛತ್ರಿ ಹಿಡಿದು ಅಂಗಳಕ್ಕೆ ಇಳಿಯುವುದು ಬೇಕು. ಆ ನೆಪದಲ್ಲಿ ತೋಟಕ್ಕೂ ಒಂದು ಸುತ್ತು ಹೋಗಿ ಬರುತ್ತಾರೆ, ಮರ ಬಿದ್ದಿದ್ದರೆ ಕಾಣುತ್ತದೆ, ಕಾಯಿ ಉದುರಿದ್ದರೆ ಕಾಣುತ್ತದೆ. ಮನುಷ್ಯ ಪ್ರೀತಿಯಿಂದ ಮಾಡುವುದನ್ನು ಯಂತ್ರಕ್ಕೆ ಕೊಡಬಾರದು, ಬೇಸರದಿಂದ ಮಾಡುವುದನ್ನು ಕೊಡಬೇಕು. ಒಂದೊಂದು ಕೆಲಸಕ್ಕೆ ಬರೆದ ಸಣ್ಣ ಪ್ರೋಗ್ರಾಂಗಳು, ಅಂದರೆ ನನ್ನ ಎಲ್ಲ ಸ್ಕ್ರಿಪ್ಟ್‌ಗಳೂ ಈ ಒಂದು ಅಳತೆಯ ಮೇಲೆ ನಿಂತಿವೆ.

ನಾನೂ ಮಾಡಬೇಕು ಅಂತ ಉಂಟು. ಯಾವ ಕೆಲಸದಿಂದ ಶುರು ಮಾಡಲಿ?

ಒಂದು ವಾರ ಏನೂ ಮಾಡಬೇಡಿ. ನೀವು ಒಂದೇ ಕೆಲಸವನ್ನು ಮೂರನೇ ಸಲ ಮಾಡುವಾಗ ಒಂದು ಚೀಟಿಯಲ್ಲಿ ಬರೆದಿಡಿ. ಬಿಲ್ಲುಗಳ ಫೈಲಿಗೆ ಹೆಸರು ಬದಲಿಸುವುದು, ಒಂದು ಎಕ್ಸೆಲ್‌ನಿಂದ ಇನ್ನೊಂದಕ್ಕೆ ನಕಲು ಮಾಡುವುದು, ಫೋನಿನ ಫೋಟೊ ಕಂಪ್ಯೂಟರಿಗೆ ಹಾಕುವುದು. ಆ ಚೀಟಿಯೇ ನಿಮ್ಮ ಪಠ್ಯಪುಸ್ತಕ.

ಲಿನಕ್ಸ್‌ನಲ್ಲಿ ಕ್ರಾನ್ ಅಂತ ಒಂದು ಉಂಟು, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಪ್ರೋಗ್ರಾಂ. 1970ರ ದಶಕದ ಯುನಿಕ್ಸ್ ಕಾಲದ್ದು, ಇವತ್ತಿಗೂ ಅದೇ ರೀತಿ ಬಳಸುತ್ತೇವೆ. ಐದು ಜಾಗ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. ನಕ್ಷತ್ರದ ಗುರುತು ಹಾಕಿದರೆ ಆ ಜಾಗದಲ್ಲಿ ಎಲ್ಲವೂ ಅಂತ ಅರ್ಥ. ಬೆಳಿಗ್ಗೆ ಎಂಟೂವರೆಗೆ ದಿನಾ ಅಂತ ಹೇಳಲಿಕ್ಕೆ 30 8 * * * ಅಂತ ಬರೆದರೆ ಆಯಿತು. ಅಪ್ಪನಿಗೆ ನೆನಪಿಸುವ ಸಂದೇಶ ಹೋಗುವುದು ಈ ಸಾಲಿನಿಂದಲೇ.

ಸ್ಕ್ರಿಪ್ಟ್ ತಪ್ಪಿದರೆ?

ತಪ್ಪುತ್ತದೆ. ಕೈಯಲ್ಲಿ ಮಾಡುವ ತಪ್ಪು ಒಂದೊಂದಾಗಿ ಆಗುತ್ತದೆ, ಸ್ಕ್ರಿಪ್ಟ್ ಮಾಡುವ ತಪ್ಪು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸಾವಿರ ಸಲ ಆಗಿರುತ್ತದೆ.

ಅಕ್ಕನ ಮದುವೆಯ 1,100 ಫೋಟೊಗಳಿಗೆ ತೆಗೆದ ಹೊತ್ತಿನ ಪ್ರಕಾರ ಹೆಸರು ಕೊಡುವ ಸ್ಕ್ರಿಪ್ಟ್ ಬರೆದಿದ್ದೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್. ಧಾರೆಯ ಹೊತ್ತಿಗೆ ಫೋಟೊದವರು ಒಂದೇ ಸೆಕೆಂಡಿನಲ್ಲಿ ಮೂರು ನಾಲ್ಕು ತೆಗೆದಿದ್ದರು. ಹೆಸರು ಒಂದೇ ಆಯಿತು, ಒಂದರ ಮೇಲೆ ಒಂದು ಕೂತು ಹಿಂದಿನದು ಅಳಿಸಿಹೋಯಿತು. ಮುಗಿದ ಮೇಲೆ ಎಣಿಸಿದರೆ 1,036 ಇತ್ತು. ಮೆಮೊರಿ ಕಾರ್ಡ್ ಇನ್ನೂ ಖಾಲಿ ಮಾಡಿರಲಿಲ್ಲ, ಅದರಿಂದ ಎಲ್ಲವೂ ವಾಪಸ್ ಸಿಕ್ಕಿತು. ಆದರೆ ಆ ಹತ್ತು ನಿಮಿಷ ನನಗೆ ಕೈಕಾಲು ತಣ್ಣಗಾಗಿತ್ತು.

ಅಲ್ಲಿಂದ ಈಚೆಗೆ ನನ್ನ ಯಾವ ಸ್ಕ್ರಿಪ್ಟೂ ಮೊದಲ ಸಲ ಏನನ್ನೂ ಮುಟ್ಟುವುದಿಲ್ಲ. ಏನು ಮಾಡಲಿದ್ದೇನೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ. ನಾನು ಓದಿ ಹೂಂ ಅಂದ ಮೇಲೆ ಕೆಲಸ. ಹೆಸರು ಬದಲಿಸುವಾಗ ಇದ್ದದ್ದರ ಮೇಲೆ ಬರೆಯಬೇಡ ಅಂತ ಹೇಳುವ ಸೌಲಭ್ಯ ಲಿನಕ್ಸ್‌ನಲ್ಲಿ ಮೊದಲೇ ಉಂಟು, ಅದನ್ನು ಯಾವಾಗಲೂ ಹಾಕುತ್ತೇನೆ. ಮತ್ತೆ, ಮೂಲ ಪ್ರತಿ ಬೇರೆ ಕಡೆ ಇದ್ದೇ ಇರಬೇಕು.

ಓಪನ್ ಸೋರ್ಸ್ ಅಂದರೆ ಪುಕ್ಕಟೆ ಸಾಫ್ಟ್‌ವೇರ್ ಅಲ್ವಾ?

ಇದು ಅತಿ ಹೆಚ್ಚು ಕೇಳುವ ಪ್ರಶ್ನೆ. ಹೀಗೆ ಸೋರ್ಸ್ ಕೋಡ್ ತೆರೆದಿಟ್ಟ ಸಾಫ್ಟ್‌ವೇರಿಗೆ ಇಂಗ್ಲಿಷಿನಲ್ಲಿ ಫ್ರೀ ಅಂತಲೂ ಹೇಳುತ್ತಾರೆ. ಫ್ರೀ ಅಂದರೆ ದುಡ್ಡಿಲ್ಲದ್ದೂ ಹೌದು, ಕಟ್ಟಿಲ್ಲದ್ದೂ ಹೌದು. ಇಂಗ್ಲಿಷಿನವರು ಈ ಗೊಂದಲವನ್ನು ಬಿಡಿಸಿ ಹೇಳಲಿಕ್ಕೆ ಎಷ್ಟೋ ವರ್ಷ ಕಷ್ಟಪಟ್ಟಿದ್ದಾರೆ. ನಮ್ಮಲ್ಲಿ ಆ ಕಷ್ಟ ಇಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ನಾನು ಹೇಳುತ್ತಿರುವುದು ಮುಕ್ತ.

ಇದರ ಹಿಂದೆ ಒಂದು ಪ್ರಿಂಟರ್ ಉಂಟು. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡುತ್ತಿದ್ದರು. ಅಲ್ಲಿನ ಪ್ರಿಂಟರಿನಲ್ಲಿ ಆಗಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡರೆ ಎಲ್ಲರ ಕಂಪ್ಯೂಟರಿಗೂ ತಿಳಿಸುವ ಹಾಗೆ ಪ್ರೋಗ್ರಾಂ ತಿದ್ದಬೇಕು ಅಂತ ಅವರ ಆಸೆ. ಹಳೆ ಪ್ರಿಂಟರಿಗೆ ಹಾಗೆ ಮಾಡಿದ್ದರು ಕೂಡ. ಹೊಸದರ ಸೋರ್ಸ್ ಕೋಡ್ ಸಿಗಲಿಲ್ಲ. ಅದು ಇದ್ದ ಬೇರೆ ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರು. ಸ್ಟಾಲ್‌ಮನ್‌ಗೆ ಅದು ತುಂಬಾ ನೋವಾಯಿತು. 1983ರಲ್ಲಿ ಅವರು, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನು ಯೋಜನೆ ಸಾರಿದರು. ಆಮೇಲೆ ನಾಲ್ಕು ಸ್ವಾತಂತ್ರ್ಯ ಅಂತ ಬರೆದರು: ಬೇಕಾದ ಕೆಲಸಕ್ಕೆ ಬಳಸುವುದು, ಒಳಗೆ ನೋಡಿ ತಿದ್ದುವುದು, ಇನ್ನೊಬ್ಬರಿಗೆ ಕೊಡುವುದು, ತಿದ್ದಿದ್ದನ್ನೂ ಕೊಡುವುದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳನ್ನು, ಬಿಡುಗಡೆ ಮಾಡಿದರು, ಮುಂದಿನ ವರ್ಷ ಅದು ಗ್ನು ಲೈಸೆನ್ಸಿಗೆ ಬಂತು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಅದೇ ಕರ್ನಲ್. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿನಲ್ಲೂ ಲಿನಕ್ಸೇ ಇತ್ತು.

ಅಪ್ಪನ ಮಳೆ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಹೀಗೆಯೇ ಬಂದದ್ದು. ಜಾನ್ ಹಂಟರ್ ಅಂತ ಒಬ್ಬರು ಮೂರ್ಛೆರೋಗದವರ ಮೆದುಳಿನ ಅಲೆಗಳನ್ನು ನೋಡಲಿಕ್ಕೆ ಅದನ್ನು ಬರೆದು, ಎಲ್ಲರಿಗೂ ಬಿಟ್ಟುಕೊಟ್ಟರು. ಅವರು 2012ರಲ್ಲಿ ತೀರಿಕೊಂಡರು. ನಮ್ಮ ಮನೆಯ ಮಳೆ ಲೆಕ್ಕ ಕೂತಿರುವ ಎಸ್‌ಕ್ಯೂಲೈಟ್‌ಗಂತೂ ಯಾವ ಕಟ್ಟೂ ಇಲ್ಲ, ಅದನ್ನು ಬರೆದವರು ಹಕ್ಕನ್ನೇ ಬಿಟ್ಟಿದ್ದಾರೆ.

ಕೋಡ್ ಎಲ್ಲರಿಗೂ ಕಂಡರೆ ಕಳ್ಳರಿಗೂ ಕಾಣುವುದಿಲ್ವಾ?

ಕಾಣುತ್ತದೆ. ಕಳ್ಳರು ಒಳಗೂ ಬಂದಿದ್ದಾರೆ. ಎಕ್ಸ್‌ಝಡ್ ಅಂತ ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಸಾಫ್ಟ್‌ವೇರ್ ಉಂಟು. ಬಹಳ ಕಾಲ ಒಬ್ಬರೇ ಬಿಡುವಿನ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದರು. ಯಾರೋ ಎರಡು ವರ್ಷಕ್ಕೂ ಜಾಸ್ತಿ ಸಹಾಯ ಮಾಡುವವರ ಹಾಗೆ ನಟಿಸಿ, ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಹಿಂಬಾಗಿಲು ಇಟ್ಟರು. ಅದು ಲೋಕದ ಸರ್ವರುಗಳಿಗೆಲ್ಲ ಹರಡುವ ಮೊದಲು ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪ್ರೋಗ್ರಾಮರ್ ಹಿಡಿದರು. ಹೇಗೆ ಗೊತ್ತಾ? ಅವರ ಕಂಪ್ಯೂಟರಿನಲ್ಲಿ ಲಾಗಿನ್ ಆಗಲಿಕ್ಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಯಾಕೆ ಅಂತ ಬಗೆದು ನೋಡಿದರು. ಮುಚ್ಚಳ ತೆರೆಯುವ ಹಾಗೆ ಇದ್ದದ್ದರಿಂದ ನೋಡಲಿಕ್ಕೆ ಆಯಿತು.

ಇದರಲ್ಲಿ ನನಗೆ ಬೇಜಾರು ತರುವುದು ಆ ಒಬ್ಬಂಟಿ ಮನುಷ್ಯನ ವಿಷಯ. ಅವರು ದಣಿದಿದ್ದರು, ಅದನ್ನೇ ಕಳ್ಳರು ಬಳಸಿಕೊಂಡರು. ನೀವು ದಿನಾ ಬಳಸುವ ಒಂದು ಮುಕ್ತ ಸಾಫ್ಟ್‌ವೇರ್ ಇದ್ದರೆ ಅದನ್ನು ನೋಡಿಕೊಳ್ಳುವವರಿಗೆ ಒಂದು ಧನ್ಯವಾದ ಬರೆಯಿರಿ. ಆಗುವುದಾದರೆ ಸ್ವಲ್ಪ ದುಡ್ಡೂ ಕಳಿಸಿ.

ಎಲ್ಲ ಹಂಚಿದರೆ ಹೊಟ್ಟೆಪಾಡು?

ನಡೆಯುತ್ತದೆ. ಲಿನಕ್ಸ್ ಕರ್ನಲ್ ಬರೆಯುವ ಎಷ್ಟೋ ಜನ ದೊಡ್ಡ ಕಂಪನಿಗಳ ಸಂಬಳದಲ್ಲೇ ಬರೆಯುತ್ತಾರೆ. ಮುಕ್ತ ಸಾಫ್ಟ್‌ವೇರಿಗೆ ಬೆಂಬಲ ಕೊಟ್ಟೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 34 ಬಿಲಿಯನ್ ಡಾಲರಿಗೆ ಕೊಂಡಿತು. ನನಗೂ ಸಂಬಳ ಬರುವುದು ಬೇರೆ ಕೆಲಸಕ್ಕೆ. ಹಂಚುವುದು ಸಂಜೆಯ ಹೊತ್ತಿನದು.

ಕನ್ನಡಕ್ಕೆ ಇದರಿಂದ ಏನು ಲಾಭ?

ಮೊದಲು ನಮ್ಮ ಊರಿನವರ ಬಗ್ಗೆ ಹೇಳಬೇಕು. ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರೆಲ್ಲ ಬಳಸುವ ಕೀಲಿಮಣೆ ಜೋಡಣೆಯ ಹಿಂದಿನ ಯೋಚನೆ ಅವರದ್ದು. ಇಂಗ್ಲಿಷ್ ಕೀಲಿಮಣೆಯ ಅಷ್ಟೇ ಕೀಲಿಗಳಲ್ಲಿ ಇಡೀ ಕನ್ನಡ ಕೂರುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಿದರಾಯಿತು. ಅದನ್ನು ತನ್ನದು ಅಂತ ಬೇಲಿ ಹಾಕಿ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟರು. ಲಿನಕ್ಸ್‌ನಲ್ಲಿ ಅದು ಕಗಪ ಅನ್ನುವ ಹೆಸರಿನಲ್ಲಿ ಮೊದಲೇ ಇರುತ್ತದೆ, ಈ ಸಾಲುಗಳನ್ನೂ ಅದರಲ್ಲೇ ಬರೆಯುತ್ತಿದ್ದೇನೆ.

ಇನ್ನು ಕನ್ನಡದಲ್ಲಿ ಪ್ರೋಗ್ರಾಂ ಬರೆಯುವುದೇ ಒಂದು ಖುಷಿ. ಮಂಗಳೂರು ಅನ್ನುವ ಪದದಲ್ಲಿ ಎಷ್ಟು ಅಕ್ಷರ? ನೀವು ನಾಲ್ಕು ಅನ್ನುತ್ತೀರಿ. ಪೈಥಾನ್ ಏಳು ಅನ್ನುತ್ತದೆ. ಅದು ಸೊನ್ನೆಯನ್ನೂ ಕೊಂಬುಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಉಡುಪಿ ನಮಗೆ ಮೂರು, ಅದಕ್ಕೆ ಐದು. ಕ್ಷ ನಮಗೆ ಒಂದು, ಅದಕ್ಕೆ ಮೂರು. ಇದು ಗೊತ್ತಿಲ್ಲದೆ ಬರೆದ ಸಾಫ್ಟ್‌ವೇರ್ ಹೆಸರನ್ನು ನಡುವೆ ಕತ್ತರಿಸಿ, ಕೊಂಬನ್ನು ಮುಂದಿನ ಸಾಲಿಗೆ ಎಸೆಯುತ್ತದೆ. ಮುಚ್ಚಿದ ಸಾಫ್ಟ್‌ವೇರಿನಲ್ಲಿ ಇಂಥದ್ದು ಕಂಡರೆ ದೂರು ಬರೆದು ಕಾಯಬೇಕು. ತೆರೆದದ್ದರಲ್ಲಿ ಆ ಜಾಗ ಹುಡುಕಿ ತಿದ್ದಿ ಕಳಿಸಬಹುದು. ನಾನು ಹಾಗೆ ಕಳಿಸಿದ ಮೊದಲ ತಿದ್ದುಪಡಿ ಎರಡೇ ಸಾಲು. ಅದನ್ನು ಒಪ್ಪಿಕೊಂಡ ದಿನ ಆಫೀಸಿನಲ್ಲಿ ಎಲ್ಲರಿಗೂ ಗೋಳಿಬಜೆ ತರಿಸಿದೆ.

ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಸ್ಮರಣ ಸಂಚಿಕೆ ಮಾಡುವಾಗ ಇನ್ನೊಂದು ಕೆಲಸ ಬಂತು. ಇಪ್ಪತ್ತು ವರ್ಷ ಹಿಂದಿನ ಸಂಚಿಕೆಯ ಲೇಖನಗಳು ಪ್ರೆಸ್ಸಿನವರ ಹತ್ತಿರ ಇದ್ದವು, ಆದರೆ ಯೂನಿಕೋಡ್‌ಗೆ ಮೊದಲಿನ ಫಾಂಟಿನಲ್ಲಿ. ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಒಂದಕ್ಕೊಂದು ಬದಲಿಸಿದರೆ ಮುಗಿಯುವುದಿಲ್ಲ. ಸೂರ್ಯ ಅಂತ ಬರೆಯುವಾಗ ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಯ ಮೊದಲು, ಅರ್ಕಾವೊತ್ತು ಆಮೇಲೆ. ಯೂನಿಕೋಡ್‌ನಲ್ಲಿ ಉಚ್ಚಾರದ ಹಾಗೆ ರ ಮೊದಲು. ಪ್ರತಿ ಅರ್ಕಾವೊತ್ತನ್ನೂ ಹಿಡಿದು ಹಿಂದಕ್ಕೆ ತರಬೇಕು. ಮೂರು ರಾತ್ರಿ ಹಿಡಿಯಿತು. ತೀರಿಕೊಂಡ ನಮ್ಮ ದೊಡ್ಡಪ್ಪನ ಲೇಖನ ಅದರಲ್ಲಿ ಇತ್ತು, ಈಗ ದೊಡ್ಡಮ್ಮ ಫೋನಿನಲ್ಲಿ ಓದುತ್ತಾರೆ.

ತುಳುವಿಗೆ?

ತುಳು ವಿಕಿಪೀಡಿಯ 2016ರಲ್ಲಿ ಶುರುವಾಯಿತು, ಕನ್ನಡ ಲಿಪಿಯಲ್ಲಿ ಉಂಟು. ತುಳು ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ ಸೇರಿತು. ಇನ್ನು ಫಾಂಟ್ ಬೇಕು, ಕೀಲಿಮಣೆ ಬೇಕು, ಪರೀಕ್ಷೆ ಮಾಡುವವರು ಬೇಕು. ತುಳು ಚೆನ್ನಾಗಿ ಬರುವವರಿಗೆ, ಕೋಡ್ ಬರದಿದ್ದರೂ ಮಾಡಬಹುದಾದ ಕೆಲಸ ಇಲ್ಲಿ ಬೇಕಾದಷ್ಟು ಉಂಟು.

ಎಐ ಬಂತಲ್ಲ, ಮಗಳು ಇನ್ನೂ ಕೋಡಿಂಗ್ ಕಲಿಯಬೇಕಾ?

ಇಷ್ಟ ಇದ್ದರೆ ಖಂಡಿತ ಕಲಿಯಲಿ. ನಾನೂ ಎಐ ಬಳಸುತ್ತೇನೆ. ಅದು ಬರೆದುಕೊಟ್ಟದ್ದನ್ನು ಓದಿ ಸರಿಯೋ ತಪ್ಪೋ ಹೇಳಲಿಕ್ಕೆ ಬರಬೇಕಲ್ಲ. ಒಂದೇ ಸೆಕೆಂಡಿನ ಮೂರು ಫೋಟೊಗಳು ಏನಾಗುತ್ತವೆ ಅಂತ ಕೇಳುವ ಅಭ್ಯಾಸ ಕೋಡ್ ಬರೆದು ಬರೆದೇ ಬರುವುದು. ಇಷ್ಟ ಇಲ್ಲದಿದ್ದರೆ ಒತ್ತಾಯ ಮಾಡಬೇಡಿ.

ನಮ್ಮ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡುತ್ತೀರಾ?

ಹಾಕಿಕೊಡುತ್ತೇನೆ, ಸಂತೋಷದಿಂದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. 4 ಜಿಬಿ ರ‍್ಯಾಮ್ ಇದ್ದರೂ ಲಿನಕ್ಸ್ ಮಿಂಟ್‌ನ ಹಗುರವಾದ ಆವೃತ್ತಿ ನಡೆಯುತ್ತದೆ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಚೆನ್ನ. ಆದರೆ ಅಂಗಡಿಯ ಲೆಕ್ಕಕ್ಕೆ ವಿಂಡೋಸ್‌ನಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಬಳಸುತ್ತಿದ್ದರೆ ಆ ಕಂಪ್ಯೂಟರನ್ನು ಬದಲಿಸಬೇಡಿ. ಮೊದಲು ಪೆನ್ ಡ್ರೈವಿನಿಂದ ಓಡಿಸಿ ತೋರಿಸುತ್ತೇನೆ, ವೈಫೈ, ಪ್ರಿಂಟರ್, ಕನ್ನಡ ಟೈಪಿಂಗ್ ಎಲ್ಲ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಹಾಕೋಣ.

ತರುವ ಮೊದಲು ಫೋಟೊ, ಕಾಗದಪತ್ರ ಎಲ್ಲ ಬೇರೆ ಕಡೆ ನಕಲು ಮಾಡಿಡಿ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ. ಮೇ ತಿಂಗಳಲ್ಲಿ ಬರುವುದಾದರೆ ಮಧ್ಯಾಹ್ನದೊಳಗೆ ಮುಗಿಸೋಣ, ಸಂಜೆ ಗುಡುಗು ಶುರುವಾದರೆ ನಾನು ಎಲ್ಲ ಪ್ಲಗ್ ತೆಗೆದಿಡುತ್ತೇನೆ. ಚಾರ್ಜರ್ ಮರೆಯದೆ ತನ್ನಿ.